ಹೊತ್ತಿಕೊಳ್ಳದ ಕಣಜ

ಎಲ್ಲೆಕಲ್ಲುಗಳೊಳಗಿನ ಆ ಊರಿನಲ್ಲಿ ಬೆಂಕಿಗೆ ಒಂದು ಹಟವಿತ್ತು. ಹಚ್ಚುವ ಕೈ ಯಾವುದನ್ನು ಪ್ರೀತಿಸಿದೆಯೋ ಅದನ್ನು ಮಾತ್ರ ಅದು ಮುಟ್ಟುತ್ತಿತ್ತು. ಪ್ರೀತಿಯಿಲ್ಲದ ಕೈಯಿಂದ ಒಣಹುಲ್ಲಿನ ಮೇಲೆ ಕೆಂಡ ಬಿದ್ದರೆ ಹುಲ್ಲು ಹುಲ್ಲಾಗಿಯೇ ಉಳಿದು ಕೆಂಡವೇ ಕಪ್ಪಾಗುತ್ತಿತ್ತು. ಪ್ರೀತಿ ಚಿಕ್ಕದಾದರೆ ಉರಿಯೂ ಚಿಕ್ಕದು. ದೊಡ್ಡದಾದರೆ ಆ ಉರಿ ತನ್ನ ಸುತ್ತ ಇದ್ದುದನ್ನೆಲ್ಲ ತಬ್ಬಿಕೊಂಡು ಮೇಲೇಳುತ್ತಿತ್ತು. ಯಾಕೆ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನೀರು ಯಾಕೆ ಇಳಿಜಾರಿಗೆ ಹರಿಯುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ಹಾಗಾಗಿ ಆ ಊರಿನ ಹೆಂಗಸರು ಬೆಳಗ್ಗೆ ಎದ್ದು ಒಲೆಯ ಮುಂದೆ ಕೂತು ಸೌದೆಯ ಮೈ ಸವರುತ್ತಿದ್ದರು. “ಬಾರಪ್ಪ, ಬಾರೋ ನನ್ನ ಬಂಗಾರ, ಒಂದು ಮಡಕೆ ಅನ್ನ ಆಗೋವರೆಗೆ ಉರಿಯಪ್ಪ,” ಎಂದು ರಮಿಸುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯ ಒಲೆ ಎಷ್ಟೋ ದಿನ ಹೊತ್ತಿಕೊಳ್ಳುತ್ತಿರಲಿಲ್ಲ. ಅದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ. ಪಕ್ಕದ ಮನೆಯವರು ಅನ್ನ ತಂದುಕೊಡುತ್ತಿದ್ದರು, ಜೊತೆಗೆ ಒಂದಿಷ್ಟು ಚುಡಾಯಿಸುತ್ತಿದ್ದರು. ಕೊನೆಗೊಂದು ಬೆಳಗ್ಗೆ ಒಲೆ ಹೊತ್ತಿಕೊಂಡಾಗ ಅತ್ತೆಯಾದವಳು ಬೀದಿಗೆ ಬಂದು, “ನಮ್ಮ ಸೊಸೆ ಈಗ ಮನೆಯವಳಾದಳು ಕಣ್ರೇ!” ಎಂದು ಕೂಗುತ್ತಿದ್ದಳು.

ಈ ಎಲ್ಲ ಒಲೆಗಳಿಗೂ ಕೆಂಡ ಕೊಡುತ್ತಿದ್ದವಳು ಒಬ್ಬಳು. ಊರು ಅವಳನ್ನು ಕೆಂಡದವಳು ಎಂದೇ ಕರೆಯುತ್ತಿತ್ತು. ಮಣ್ಣಿನ ಕುಡಿಕೆಯಲ್ಲಿ ಬೂದಿ ಹಾಸಿ, ಬೂದಿಯೊಳಗೆ ಕೆಂಡಗಳನ್ನು ಮಲಗಿಸಿ, ಬಾಗಿಲಿಂದ ಬಾಗಿಲಿಗೆ ಹೋಗುವುದು ಅವಳ ಅತ್ತೆ ಅವಳಿಗೆ ಬಿಟ್ಟುಹೋದ ಕೆಲಸ. ಅವಳ ಗಂಡ ಕಣಜದವನು. ಊರಿನ ಎಲ್ಲರ ಪಾಲಿನ ರಾಗಿ ತುಂಬಿದ ದೊಡ್ಡ ಕಣಜವೊಂದು ಊರಿನಾಚೆ ಬೋಳುಬಂಡೆಯ ಮೇಲೆ ಒಂಟಿಯಾಗಿ ನಿಂತಿತ್ತು. ಅದರ ಬೀಗದ ಕೈ ಅವನ ಸೊಂಟದಲ್ಲಿ. ಇಲಿ ಬಂತೇ, ತೇವ ಬಂತೇ, ಹುಳ ಬಿತ್ತೇ ಎಂದು ನೋಡುವುದರಲ್ಲೇ ಅವನ ತಲೆ ನೆರೆತುಹೋಗಿತ್ತು. ಅವರಿಗೆ ಮಕ್ಕಳಿರಲಿಲ್ಲ.

ಅವನು ಊಟಕ್ಕೆ ತಡವಾಗಿ ಬಂದಾಗ ಕೆಂಡದವಳು ಬಾಗಿಲಲ್ಲೇ ತಡೆಯುತ್ತಿದ್ದಳು.

“ಯಾಕ್ರೀ, ನಿಮ್ಮ ದೊಡ್ಡ ಹೆಂಡ್ತಿ ಬಿಡಲಿಲ್ವಾ?”

“ಅವಳು ನಿನ್ನ ಹಾಗೆ ಬಾಯಿ ಮಾಡಲ್ಲ ಕಣೇ. ಅದಕ್ಕೇ ಸ್ವಲ್ಪ ಹೊತ್ತು ಕೂತಿದ್ದೆ.”

“ಅಲ್ಲೇ ಮಲಗಬೇಕಿತ್ತು. ಇಲ್ಲಿ ನಿಮ್ಮನ್ನ ಯಾರು ಪ್ರೀತಿಸ್ತಾರೆ ಅಂತ ಬಂದ್ರಿ?”

ಹೀಗೆ ಹೇಳಿ ಬಿಸಿ ಮುದ್ದೆ ಬಡಿಸುತ್ತಿದ್ದಳು. ಅವನು ನಗುತ್ತ ಉಣ್ಣುತ್ತಿದ್ದ. ಆದರೆ ಆ ಮಾತಿನ ಅರ್ಧ ಅವಳಿಗೆ ನಿಜವಾಗಿಯೂ ಚುಚ್ಚುತ್ತಿತ್ತು. ಈ ಮನುಷ್ಯನ ಪ್ರೀತಿಯೆಲ್ಲ ಆ ಕಣಜಕ್ಕೇ ಹೋಗಿದೆ, ನನಗೆ ಬಂದಿರುವುದು ಅದರ ಹೊಟ್ಟು ಮಾತ್ರ ಎಂದು ಅವಳು ನಂಬಿದ್ದಳು. ಹೊಟ್ಟಿನ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಿದ್ದಳು.

ಹೀಗಿರುವಾಗ ದಂಡು ಬರುತ್ತಿದೆ ಎಂಬ ಸುದ್ದಿ ಬಂತು.

ಎಲ್ಲೆಯಾಚೆ ಕುರಿ ಮೇಯಿಸಲು ಹೋಗಿದ್ದವನು ಕುರಿಗಳನ್ನು ಅಲ್ಲೇ ಬಿಟ್ಟು ಓಡಿಬಂದಿದ್ದ. “ಧೂಳು ನೋಡಿದೆ,” ಎಂದ. “ಧೂಳಿನ ಆ ತುದಿ ನನಗೆ ಕಾಣಲಿಲ್ಲ.” ಊರೆಲ್ಲ ಕಣಜದ ಮುಂದಿನ ಬಂಡೆಯ ಮೇಲೆ ಸೇರಿತು. ಊರ ಹಿರೀಕ ಕೋಲು ಊರಿಕೊಂಡು ಎದ್ದು ನಿಂತ.

“ನಮ್ಮಲ್ಲಿ ಕತ್ತಿಯಿಲ್ಲ, ಕೋಟೆಯಿಲ್ಲ. ಆದರೆ ದಂಡು ಅಂದ್ರೆ ಏನು? ಕಾಲು ಬಂದಿರೋ ಹೊಟ್ಟೆ, ಅಷ್ಟೇ. ಅದು ಬುತ್ತಿ ಕಟ್ಕೊಂಡು ಬರ್ತಿಲ್ಲ, ನಮ್ಮ ಬುತ್ತಿ ನಂಬ್ಕೊಂಡು ಬರ್ತಿದೆ. ಅದಕ್ಕೆ ಇಲ್ಲಿ ಒಂದು ಕಾಳು ಸಿಗಬಾರದು. ಊರ ಬಾವಿಯಿಂದ ಒಂದು ಬೊಗಸೆ ನೀರು ಸಿಗಬಾರದು. ಕೂರೋಕೆ ನೆರಳು, ಎತ್ತಿಗೆ ಹುಲ್ಲು, ಯಾವುದೂ ಸಿಗಬಾರದು. ಇರೋದೆಲ್ಲ ಸುಟ್ಟು ನಾವು ಗುಡ್ಡ ಹತ್ತೋಣ.”

“ಆಮೇಲೆ ನಾವೇನು ತಿನ್ನೋದು ಹಿರೀಕರೇ?” ಎಂದು ಕುಂಬಾರ ಕೇಳಿದ.

“ಬದುಕಿದ್ರೆ ತಾನೇ ಹಸಿವಾಗೋದು? ಮೊದಲು ಹಸಿವಾಗೋಕೆ ಉಳ್ಕೊಳ್ಳೋಣ.”

ಯಾರೂ ನಗಲಿಲ್ಲ. ಕಣಜವನ್ನು ಕೊನೆಗೆ ಸುಡುವುದೆಂದು ಆಯಿತು. ಅಲ್ಲಿಯವರೆಗೆ ಅದರ ರಾಗಿಯಲ್ಲೇ ಹೊಟ್ಟೆ ಹೊರೆಯಬಹುದು, ಗುಡ್ಡಕ್ಕೆ ಹೊರುವಷ್ಟು ಗಂಟು ಕಟ್ಟಿಕೊಳ್ಳಬಹುದು. ಮತ್ತೆ, ಕಣಜ ಎಲ್ಲರದಲ್ಲವೇ? ಊರಿಗೆ ಊರೇ ಪ್ರೀತಿಸಿದ ವಸ್ತು. ಯಾರ ಕೈಯಿಂದಾದರೂ ಒಂದು ಕಿಡಿ ಸಾಕು, ಆಕಾಶ ಮುಟ್ಟುವ ಹಾಗೆ ಹೊತ್ತಿಕೊಳ್ಳುತ್ತದೆ. ಹೀಗೆಂದು ಹಿರೀಕ ಹೇಳಿದ, ಊರು ತಲೆಯಾಡಿಸಿತು, ಕೆಂಡದವಳೂ ತಲೆಯಾಡಿಸಿದಳು. ಬೇರೆ ಊರಿನವರಾಗಿದ್ದರೆ ಎಲ್ಲಕ್ಕಿಂತ ಮೊದಲು ಕಣಜಕ್ಕೆ ಬೆಂಕಿಯಿಡುತ್ತಿದ್ದರು. ಬೆಂಕಿಯನ್ನು ಅಷ್ಟೊಂದು ನಂಬಿದ ಈ ಊರಿನವರು ಮಾತ್ರ ಅದನ್ನು ಕೊನೆಗೆ ಬಿಡುವ ತಪ್ಪು ಮಾಡಬಲ್ಲವರಾಗಿದ್ದರು.

ಸುಡುವ ಕೆಲಸ ಶುರುವಾಯಿತು.

ಕೆಂಡದವಳು ಕುಡಿಕೆ ಹಿಡಿದು ಹೋಗುತ್ತಿದ್ದಳು. ಮನೆಯ ಯಜಮಾನನೋ ಯಜಮಾನಿಯೋ ಮುತ್ತುಗದ ಎಲೆ ಹಾಸಿದ ಅಂಗೈಯಲ್ಲಿ ಕೆಂಡ ಇಸಿದುಕೊಳ್ಳುತ್ತಿದ್ದರು. ಸುಡಬೇಕಾದದ್ದನ್ನು ಒಮ್ಮೆ ಮುಟ್ಟಿ, “ಹೋಗಿ ಬಾ,” ಎನ್ನುತ್ತಿದ್ದರು. ಆ ಊರಿನಲ್ಲಿ ಯಾರನ್ನೂ ‘ಹೋಗು’ ಎಂದಷ್ಟೇ ಹೇಳಿ ಕಳಿಸುವಂತಿರಲಿಲ್ಲ. ಆಮೇಲೆ ಕೆಂಡ ಇಡುತ್ತಿದ್ದರು.

ರೈತ ತೆನೆಯೊಡೆದ ಹೊಲದ ಬದುವಿನಲ್ಲಿ ಕೂತು ಹೋಗಿ ಬಾ ಎಂದ. ಹೊಲ ಹೊತ್ತಿಕೊಂಡಿತು. ದನ ಕಾಯುವವಳು ಗೋಮಾಳದ ಹುಲ್ಲಿಗೆ ಹೋಗಿ ಬಾ ಎಂದಳು. ಗೋಮಾಳ ಹೊತ್ತಿಕೊಂಡಿತು. ಗಾಡಿಯವನು ಗಾಡಿಯ ಮುಂದಿನ ಮೂಕಿಮರವನ್ನು ಕೂಸಿನಂತೆ ಎದೆಗೊತ್ತಿಕೊಂಡು ಹೋಗಿ ಬಾ ಎಂದ. ಗಾಡಿಗಳೆಲ್ಲ ಹೊತ್ತಿಕೊಂಡವು. ನೇಯುವವಳ ಮಗ್ಗ, ಬಡಗಿಯ ಉಳಿಯ ಹಿಡಿ, ಮಕ್ಕಳ ತೊಟ್ಟಿಲು, ಹೋಗಿ ಬಾ, ಹೋಗಿ ಬಾ, ಹೋಗಿ ಬಾ. ಬಾವಿಗಳನ್ನು ಸುಡಲಾಗದು, ಅವುಗಳಿಗೆ ಕಲ್ಲು ತುಂಬಿದರು. ತುಂಬುವಾಗ ಪ್ರತಿ ಕಲ್ಲಿನ ಜೊತೆಗೂ ಅದೇ ಮಾತು.

ಮನೆಗಳಲ್ಲಿ ಸಾಹುಕಾರ ಹೊಸದಾಗಿ ಕಟ್ಟಿಸಿದ್ದ ಮನೆ ಮಾತ್ರ ಹೊತ್ತಿಕೊಳ್ಳಲಿಲ್ಲ. ಊರಿಗೆ ಬಂದವರಿಗೆಲ್ಲ ಕರೆದು ತೋರಿಸಿದ್ದ ಮನೆ ಅದು. ಕೆಂಡ ಅವನ ಕೈಯಡಿಯಲ್ಲಿ ತೆಪ್ಪಗೆ ಕಪ್ಪಾಯಿತು.

“ಮರ ಇನ್ನೂ ಹಸಿ ಇರಬೇಕು,” ಎಂದ ಸಾಹುಕಾರ.

“ಹೌದೌದು, ಹಸಿ ಮರ,” ಎಂದರು ಎಲ್ಲರೂ, ಅವನ ಮುಖ ನೋಡದೆ. ಕೈಗೆ ಸಿಕ್ಕ ಹಾರೆಗಳಿಂದ ಅದರ ಸೂರು ಇಳಿಸಿದರು. ಅವನ ಹೆಂಡತಿ ಹಿತ್ತಿಲಿಗೆ ಹೋಗಿ ಹಳೆಯ ದನದ ಕೊಟ್ಟಿಗೆಗೆ ಒಂದು ಕೆಂಡ ಇಟ್ಟಳು. ಅದು ಧಗ್ಗನೆ ಎದ್ದಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೊಳಗೇ ಅತ್ತಳು.

ಕೆಂಡದವಳ ಮನೆಗೆ ಬೆಂಕಿಯಿಟ್ಟವನು ಕಣಜದವನು. ಅವನು ಗೋಡೆ ಮುಟ್ಟಿ ಮಾತು ಮುಗಿಸುವ ಮೊದಲೇ ಸೂರು ಹೊತ್ತಿಕೊಂಡಿತು.

“ಪರವಾಗಿಲ್ವೇ,” ಎಂದಳು ಅವಳು. “ಮನೆ ಮೇಲಾದ್ರೂ ಪ್ರೀತಿ ಇತ್ತು.”

“ಮನೆ ಅಂದ್ರೆ ಬರೀ ಗೋಡೆನಾ?”

“ಮತ್ತೇನು, ಗೋಡೆ, ಸೂರು, ಒಂದು ಒರಳು.”

ಅವನು ಅವಳನ್ನೇ ನೋಡಿ ನಕ್ಕ. ಹೊಗೆ ಕಣ್ಣಿಗೆ ಬಂತೆಂದು ಅವಳು ಆ ಕಡೆ ತಿರುಗಿದಳು.

ಮಿಕ್ಕ ಪ್ರೀತಿಯ ವಸ್ತುಗಳೆಲ್ಲ ಮುಗಿದು, ಕಣಜ ಒಂದೇ ಉಳಿಯಿತು. ಆ ಹೊತ್ತಿಗೆ ದಂಡಿನ ಧೂಳು ಹೊಳೆಯ ಆಚೆ ದಡಕ್ಕೆ ಬಂದಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಭರ್ಜಿಗಳ ತುದಿ ಮಿಣಮಿಣ ಎನ್ನುವುದು ಕಾಣುತ್ತಿತ್ತು. ಹೊಳೆಯಲ್ಲಿ ಮೊಣಕಾಲು ಮಟ್ಟದ ನೀರು. ಜನ ತಲೆಗೊಂದು ಗಂಟು ಹೊತ್ತು ಸಾಲಾಗಿ ನಿಂತಿದ್ದರು. ಹೊರಲಾದಷ್ಟೂ ಹೊತ್ತಿದ್ದರೂ ಕಣಜದ ರಾಗಿ ಒಂದು ಗೇಣು ಕೂಡ ಇಳಿದಿರಲಿಲ್ಲ.

ಹಿರೀಕ ಗಂಟಲು ಸರಿಮಾಡಿಕೊಂಡು ಕಣಜದ ಗೋಡೆ ಮುಟ್ಟಿದ. “ಹೋಗಿ ಬಾರವ್ವ,” ಎಂದ. ಕೆಂಡ ಇಟ್ಟ.

ಕೆಂಡ ಕಪ್ಪಾಯಿತು.

ಹಿರೀಕ ಇನ್ನೊಂದು ಕೆಂಡ ಕೇಳಿ ಇಸಿದುಕೊಂಡ. ಅದೂ ಕಪ್ಪಾಯಿತು. ರೈತ ಬಂದ, ಕುಂಬಾರ ಬಂದ, ನೇಯುವವಳು ಬಂದಳು. ಒಬ್ಬರಾದ ಮೇಲೆ ಒಬ್ಬರು ಗೋಡೆ ಮುಟ್ಟಿದರು, ಕೆಂಡ ಇಟ್ಟರು, ತಲೆ ತಗ್ಗಿಸಿ ಹಿಂದೆ ಸರಿದರು. ಎಲ್ಲರೂ ತಮ್ಮ ಪಾಲಿನ ರಾಗಿಯನ್ನು ಅಳೆದು ಸುರಿದಿದ್ದರು, ಅಳೆಯುವಾಗ ಪಕ್ಕದವನು ಎಷ್ಟು ಸುರಿದ ಎಂದು ಕಣ್ಣಂಚಿನಲ್ಲಿ ನೋಡಿದ್ದರು. ಪ್ರೀತಿಸುವುದನ್ನು ಪ್ರತಿಯೊಬ್ಬರೂ ಉಳಿದವರಿಗೆ ಬಿಟ್ಟಿದ್ದರು.

“ಕಣಜದವನು ಹಚ್ಚಲಿ,” ಎಂದು ಯಾರೋ ಕೂಗಿದರು. “ಜೀವಮಾನ ಇಲ್ಲೇ ಕಳೆದವನು ಅವನು!”

ಕೆಂಡದವಳು ತನ್ನ ಕುಡಿಕೆಯಿಂದ ಒಳ್ಳೆಯ ಕೆಂಡವೊಂದನ್ನು ಆರಿಸಿ ಗಂಡನ ಅಂಗೈಯ ಎಲೆಯ ಮೇಲೆ ಹಾಕಿದಳು. ಈ ಸವತಿ ಉರಿಯುವುದನ್ನು ನೋಡಲು ಅವಳು ಸಿದ್ಧಳಾಗಿದ್ದಳು. ಅವನು ಬಾಗಿಲ ಬುಡದಲ್ಲಿ ಕೂತು ಕೆಂಡ ಇಟ್ಟ. ಅದು ಕಪ್ಪಾಯಿತು.

ಅವಳು ಗಂಡನ ಮುಖ ನೋಡಿದಳು. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ಹಾಗಾದ್ರೆ ಇಷ್ಟು ವರ್ಷ ಇಲ್ಲಿ ಏನು ಮಾಡ್ತಿದ್ರಿ?” ಎಂದಳು ಮೆಲ್ಲಗೆ.

“ಕಾಯ್ತಿದ್ದೆ. ಕಾಯೋದು ಬೇರೆ ಕಣೇ. ಹೆದರಿಕೊಂಡು ಕಾಯ್ತಿದ್ದೆ. ಇಲಿ ಬಂದೀತು, ಕೊಳೆತೀತು, ಕಮ್ಮಿ ಬಿದ್ದು ನನ್ನ ತಲೆಗೆ ಬಂದೀತು ಅಂತ.” ಅವನು ಬೆರಳಿನ ಮಸಿ ಒರೆಸಿಕೊಂಡ. “ಇದರ ಬಾಗಿಲು ಹಾಕಿ ಬೀಗ ತಿರುಗಿಸೋ ಸದ್ದು ಇದೆಯಲ್ಲ, ಅದು ನನಗೆ ಇಷ್ಟ. ಆ ಸದ್ದಾದ ಮೇಲೆ ಮನೆಗೆ ಬರ್ತಿದ್ದೆನಲ್ಲ.”

ಅವಳಿಗೆ ಎಲ್ಲಿಯೋ ಕಾಲು ಜಾರಿದಂತಾಯಿತು.

ಜನ ಏನೇನೋ ಮಾಡಿನೋಡಿದರು. ಪ್ರೀತಿಸಿದ ವಸ್ತುವೊಂದನ್ನು ಒಳಗಿಟ್ಟು ಹಚ್ಚಿದರೆ ರಾಗಿಯೂ ಜೊತೆಗೆ ಹೊತ್ತಿಕೊಂಡೀತು ಎಂದು ಹುಡುಕಿದರೆ, ಪ್ರೀತಿಸಿದ್ದೆಲ್ಲ ಆಗಲೇ ಬೂದಿಯಾಗಿತ್ತು. ಒಬ್ಬಳು ಜಡೆ ಕತ್ತರಿಸಿ ಹಾಕಿದಳು. ಜಡೆಯಷ್ಟೇ ಉರಿಯಿತು. ಪುಟ್ಟ ಹುಡುಗಿಯೊಬ್ಬಳು ಲಂಗದೊಳಗೆ ಬಚ್ಚಿಟ್ಟುಕೊಂಡಿದ್ದ ಬಟ್ಟೆಯ ಗೊಂಬೆಯನ್ನು ತಾನಾಗಿಯೇ ತಂದು ಕೊಟ್ಟು ತಾನೇ ಹಚ್ಚಿದಳು. ಗೊಂಬೆ ಗೊಂಬೆಯ ಅಳತೆಗೆ ಉರಿದು, ರಾಗಿಯ ರಾಶಿಯ ಅಂಚಿಗೆ ಬಂದು ಆರಿತು. ಹೊಳೆಯ ಕಡೆಯಿಂದ ಕಹಳೆ ಕೇಳಿಸಿತು. ಈ ರಾಗಿ ಸಿಕ್ಕರೆ ದಂಡು ಇಲ್ಲೇ ಬೇರು ಬಿಡುತ್ತದೆ, ತಿಂದು ಕೊಬ್ಬಿ ಗುಡ್ಡ ಹತ್ತುತ್ತದೆ. ಸುಟ್ಟ ಹೊಲ, ಸುಟ್ಟ ತೊಟ್ಟಿಲು ಎಲ್ಲವೂ ದಂಡ.

ಆಗ ಸೂಲಗಿತ್ತಿ ಅಜ್ಜಿ ಬಾಯಿಬಿಟ್ಟಳು. ಅಲ್ಲಿದ್ದವರನ್ನೆಲ್ಲ ಭೂಮಿಗೆ ತಂದ ಕೈಗಳು ಅವಳವು.

“ವಸ್ತು ಮುಗೀತು. ಪ್ರೀತಿಸಿದ ಜನ ಉಳಿದಿದ್ದಾರಲ್ಲ.”

ಯಾರೂ ಅಜ್ಜಿಯನ್ನು ಬೈಯಲಿಲ್ಲ. ಎಲ್ಲರೂ ತಮ್ಮ ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ತಲೆಯ ಮೇಲಿನ ಗಂಟುಗಳು ಬಿದ್ದವು, ಆ ಹೊತ್ತಿಗೆ ಯಾರೂ ಎತ್ತಿಕೊಳ್ಳಲಿಲ್ಲ. ಒಂದು ಗಾಳಿ ಬಂದು ಬೂದಿಯನ್ನು ಎಲ್ಲರ ಕಾಲಿಗೂ ಸಮನಾಗಿ ಬಳಿದು ಹೋಯಿತು.

ಕಣಜದವನು ಸೊಂಟದಿಂದ ಬೀಗದ ಕೈ ಬಿಚ್ಚಿ ಹಿರೀಕನ ಮುಂದೆ ಇಟ್ಟ. ಹೆಂಡತಿಯ ಮೊಣಕೈ ಹಿಡಿದು ಸ್ವಲ್ಪ ದೂರ ಕರೆದುಕೊಂಡು ಹೋದ.

“ನಾನು ಒಳಗೆ ಕೂರ್ತೀನಿ. ನೀನು ಹಚ್ಚು.”

“ಏನಂತ ಮಾತಾಡ್ತೀರಿ! ನಾನು ಕೂರ್ತೀನಿ, ನೀವು ಹಚ್ಚಿ.”

“ನಾನು ಹಚ್ಚಿದರೆ ಹೊತ್ಕೊಳ್ಳುತ್ತೆ.” ಅವನು ಅದನ್ನು ಇವತ್ತು ಬಿಸಿಲು ಜಾಸ್ತಿ ಎನ್ನುವಷ್ಟೇ ಸಹಜವಾಗಿ ಹೇಳಿದ. “ಅದಕ್ಕೇ ಬೇಡ. ನೀನು ಹಚ್ಚಿದರೆ, ಹೊತ್ಕೊಳ್ಳದೇ ಇರಬಹುದು. ನೀನೇ ದಿನಾ ಹೇಳ್ತೀಯಲ್ಲ, ನಿಮ್ಮನ್ನ ಯಾರು ಪ್ರೀತಿಸ್ತಾರೆ ಅಂತ. ಹೊತ್ಕೊಳ್ಳಲಿಲ್ಲ ಅಂದ್ರೆ ಎದ್ದು ಬರ್ತೀನಿ. ಇಬ್ಬರೂ ಗುಡ್ಡ ಹತ್ತೋಣ, ದಂಡು ಬಂದರೆ ಬರಲಿ. ಊರಿನ ಮುಂದೆ ನಾವು ನಮ್ಮ ಕೈಲಾದ್ದು ಮಾಡಿದ ಹಾಗಾಯ್ತು.”

“ಹೊತ್ಕೊಂಡ್ರೆ?”

“ಹೊತ್ಕೊಂಡ್ರೆ ನನಗೆ ಗೊತ್ತಾಗುತ್ತೆ,” ಎಂದ ಅವನು. ಹಬ್ಬಕ್ಕೆ ಹೊಸ ಬಟ್ಟೆ ಸಿಗುತ್ತದೋ ಇಲ್ಲವೋ ಎಂದು ಕಾಯುವ ಹುಡುಗನ ಮುಖದ ಹಾಗಿತ್ತು ಅವನ ಮುಖ.

ಅವಳು ಬೇಡವೆಂದಳು. ಕೈಮುಗಿದಳು. ಅವನ ಎದೆಗೆ ಗುದ್ದಿದಳು. ಅವಳು ಏನು ಮಾಡುತ್ತಿದ್ದರೂ ಅವಳ ಹಿಂದೆ ಮಕ್ಕಳನ್ನು ಹಿಡಿದುಕೊಂಡು ನಿಂತಿದ್ದ ಊರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು. ಗೊಂಬೆ ಸುಟ್ಟ ಹುಡುಗಿ ಮಸಿಯಾದ ಬೆರಳುಗಳನ್ನು ಬಾಯಿಯಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. ಹೊಳೆಯಲ್ಲಿ ಕುದುರೆಗಳು ಇಳಿದ ಸದ್ದಾಯಿತು.

ಕಣಜದವನು ಒಳಗೆ ಹೋಗಿ ರಾಗಿಯ ರಾಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಊಟಕ್ಕೆ ಕೂತವನ ಹಾಗೆ.

ಅವಳು ಬಾಗಿಲಲ್ಲಿ ನಿಂತು ಕೆಂಡ ಕೈಗೆ ತೆಗೆದುಕೊಂಡಳು. ಹೊತ್ತಿಕೊಳ್ಳಬಾರದು ಎಂದುಕೊಂಡಳು. ಅದಕ್ಕಾಗಿ ಅವನ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನಪಿಗೆ ಕರೆದಳು. ಅವನು ಗೊರಕೆ ಹೊಡೆಯುತ್ತಿದ್ದ, ಅವಳು ಕಾಲಿನಿಂದ ತಿವಿದರೆ ನಿದ್ದೆಯಲ್ಲೇ ‘ಆಯ್ತು ಕಣೇ’ ಎನ್ನುತ್ತಿದ್ದ. ಮಜ್ಜಿಗೆ ಸೊರ್ರೆಂದು ಸದ್ದು ಮಾಡಿ ಕುಡಿಯುತ್ತಿದ್ದ, ಕೊನೆಯ ಗುಟುಕು ಮಾತ್ರ ಅವಳಿಗೆ ಉಳಿಸುತ್ತಿದ್ದ. ಅವಳ ತೌರಿನ ಮದುವೆಗೆ ತಡವಾಗಿ ಬಂದು ಮಾನ ಕಳೆದಿದ್ದ, ದಾರಿಯಲ್ಲಿ ಅವಳಿಗೆಂದು ಸಂಪಿಗೆ ಹುಡುಕುತ್ತ ಕೂತಿದ್ದನಂತೆ. ಜಗಳವಾದಾಗ ತಿರುಗಿ ಮಾತಾಡುತ್ತಲೇ ಇರಲಿಲ್ಲ, ಸುಮ್ಮನೆ ಹೋಗಿ ಅವಳ ನೀರಿನ ಕೊಡ ತುಂಬಿಸಿ ಬರುತ್ತಿದ್ದ. ಅಯ್ಯೋ, ಸಿಟ್ಟಿಗೆಂದು ಕರೆದ ನೆನಪುಗಳು ಸಿಟ್ಟಾಗಿ ಬರಲೊಲ್ಲವು. ಒಂದಾದರೂ ಪೂರ್ತಿ ತಪ್ಪು ಇರಬಾರದಿತ್ತೇ ಈ ಮನುಷ್ಯನಲ್ಲಿ?

“ಹೇಳು,” ಎಂದ ಅವನು ಒಳಗಿನಿಂದ.

“ಹೋಗಿ…” ಎಂದಳು ಅವಳು. “ಹೋಗಿ ಬನ್ನಿ.”

ಅವಳ ಕೈ ಇನ್ನೂ ಬಗ್ಗುತ್ತಿತ್ತು. ಕೆಂಡ ಇನ್ನೂ ನೆಲ ಮುಟ್ಟಿರಲಿಲ್ಲ. ಬೆಂಕಿ ಕಾಯಲಿಲ್ಲ. ಬಾಗಿಲಿಂದ ರಾಶಿಗೆ, ರಾಶಿಯಿಂದ ಸೂರಿಗೆ ಅದು ಒಂದೇ ಉಸಿರಿಗೆ ಎದ್ದು ನಿಂತಿತು. ಆ ಊರಿನಲ್ಲಿ ಅಷ್ಟು ದೊಡ್ಡ ಉರಿಯನ್ನು ಯಾರೂ ಕಂಡಿರಲಿಲ್ಲ. ಒಳಗಿನಿಂದ ಅವನ ದನಿ ಒಮ್ಮೆ ಕೇಳಿಸಿತು. ಅದರಲ್ಲಿ ನೋವಿರಲಿಲ್ಲ. ಬಹಳ ದಿನದಿಂದ ಕಾದಿದ್ದ ಸುದ್ದಿ ಬಂದು ಮುಟ್ಟಿದವನ ಕೂಗು ಅದು.

“ಹೊತ್ಕೊಂತು ಕಣೇ!”

ಜನ ಬಿದ್ದಿದ್ದ ಗಂಟುಗಳನ್ನು ಹೊತ್ತು, ಅವಳನ್ನು ಎತ್ತಿಕೊಂಡೇ ಗುಡ್ಡ ಹತ್ತಿದರು.

ದಂಡು ಹೊಳೆ ದಾಟಿ ಊರೊಳಗೆ ಬಂತು. ಬಂದು ನೋಡಿದರೆ ಊರೇ ಇಲ್ಲ. ಬೂದಿ, ಕಲ್ಲು ತುಂಬಿದ ಬಾವಿ, ಸೂರಿಲ್ಲದ ಸಾಹುಕಾರನ ಗೋಡೆ. ಸೆರೆಮನೆ ಹಾಗೆಯೇ ಇತ್ತು, ಸುಂಕದ ಕಟ್ಟೆ ಹಾಗೆಯೇ ಇತ್ತು, ಯಾರೂ ಪ್ರೀತಿಸದ್ದು ಮಾತ್ರ ನಿಂತಿತ್ತು. ದಂಡಿನ ಎತ್ತುಗಳು ಕರಿ ನೆಲವನ್ನು ಮೂಸಿ ಮೂಸಿ ಮಲಗಿದವು. ದಂಡಿನವರ ಚೀಲಗಳಲ್ಲಿ ಇನ್ನೂ ಒಂದಿಷ್ಟು ಜೋಳ ಉಳಿದಿತ್ತು. ಆದರೆ ಎಲ್ಲೆಕಲ್ಲಿನೊಳಗೆ ಅವರು ಹಚ್ಚಿದ ಯಾವ ಒಲೆಯೂ ಹೊತ್ತಲಿಲ್ಲ. ಆ ನೆಲದ ಒಂದು ಕಡ್ಡಿಯ ಮೇಲೂ ಅವರಿಗೆ ಪ್ರೀತಿಯಿರಲಿಲ್ಲ. ಹಸಿ ಜೋಳ ತಿಂದರು. ಹೊಟ್ಟೆ ಹಿಡಿದುಕೊಂಡರು. ಗುಡ್ಡದ ಮೇಲಿನ ಗವಿಯ ಬಾಯಲ್ಲಿ ಕೂತು ಕೆಂಡದವಳು ಇದನ್ನೆಲ್ಲ ನೋಡಿದಳು. ಆಮೇಲೆ ಅಲ್ಲೊಂದು ಇಲ್ಲೊಂದು ಸಣ್ಣ ಉರಿ ಕಾಣತೊಡಗಿತು. ಅದು ಏನೆಂದು ಅವಳಿಗೆ ತಿಳಿಯಲಿಲ್ಲ.

ತಿಳಿಸಿದವನು ಒಬ್ಬ ದಂಡಿನಾಳು. ಒಂದು ಬೆಳಗ್ಗೆ ಅವನು ಕೈಯಲ್ಲಿ ಕತ್ತಿಯಿಲ್ಲದೆ, ಒಂದು ಹಿಡಿ ಜೋಳ ಹಿಡಿದುಕೊಂಡು ತೆವಳುತ್ತ ಗುಡ್ಡ ಹತ್ತಿ ಬಂದ.

“ಯವ್ವಾ, ಒಂದು ಕೆಂಡ ಕೊಡ್ರಿ. ಬೆಂಕೀನ ಹತ್ತವಲ್ದು.”

“ತಳ್ಳಿ ಅವನನ್ನ ಕೆಳಕ್ಕೆ!” ಎಂದ ಕುಂಬಾರ.

“ತಳ್ಳೋಕೆ ಅವನಲ್ಲಿ ಏನು ಉಳಿದಿದೆ?” ಎಂದಳು ಕೆಂಡದವಳು. “ಕೂತ್ಕೊಳ್ಳಪ್ಪ. ಕೆಳಗೆ ಉರಿ ಕಾಣ್ತಿತ್ತಲ್ಲ, ಅದೇನು?”

“ಒಬ್ಬಾಂವ ಸಿಟ್ಟಿಗೆದ್ದು ತನ್ನ ಕೌದಿ ಒಲಿಗೆ ಒಗದ. ಅವರವ್ವ ಹೊಲಿದಿದ್ದು. ಭಗ್ ಅಂತ ಹತ್ತಿತು. ಅವತ್ತ ಎಲ್ಲಾರಿಗೂ ತಿಳೀತು, ಈ ನೆಲದಾಗ ಏನು ಹತ್ತತೈತಿ ಅಂತ. ನಾನೂ ಸುಟ್ಟೆ. ನನ್ನ ಹೆಂಡತಿ ಅಂಚು ಹೊಲಿದು ಕೊಟ್ಟ ರುಮಾಲ ಇತ್ತು. ಒಂದು ಹೊತ್ತಿನ ಗಂಜಿ ಆತು. ಮಗನ ತಲಿಗೆ ಹಾಕೂ ಕುಲಾಯಿ ಇತ್ತು. ಅದೂ ಒಂದು ಹೊತ್ತು.”

“ಈಗ?”

“ಈಗ ಏನೂ ಇಲ್ರಿ. ಆ ರುಮಾಲ ಇದ್ದಾಗ ಆಕಿ ಮುಖ ನೆನಪಾಗ್ತಿತ್ತು. ಈಗ ಎಷ್ಟು ನೆನಸಿದ್ರೂ ಬರವಲ್ದು. ನಮ್ಮ ಮಂದಿ ಎಲ್ಲಾ ಹಂಗ ಆಗ್ಯಾರ. ಮುಂದ ಹೋಗಾಕ ಕಾಲಿಲ್ಲ, ಹಿಂದ ಹೋಗಾಕ ಕಾರಣಿಲ್ಲ. ದಳವಾಯಿ ಕಹಳಿ ಊದಿಸ್ತಾನ, ಯಾರೂ ಏಳಂಗಿಲ್ಲ.”

ಅವಳು ಕೊಟ್ಟ ಕೆಂಡ ಅವನು ಅಲ್ಲೇ ಆಯ್ದು ಒಟ್ಟಿದ ಪುಳ್ಳೆಗಳ ಮೇಲೆ ಕಪ್ಪಾಯಿತು. ಅವಳು ಆ ಪುಳ್ಳೆಗಳನ್ನು ತನ್ನ ಕಡೆ ಎಳೆದುಕೊಂಡು, ಅವುಗಳ ಮೈ ಸವರಿ, ಉರಿ ಮಾಡಿ, ಅವನ ಜೋಳ ಬೇಯಿಸಿ ಕೊಟ್ಟಳು. ಹಿಂದಿನಿಂದ ಯಾರೋ ಗೊಣಗಿದರು. ಅವಳು ತಿರುಗಲಿಲ್ಲ.

ಅವನು ಬೆರಳು ನೆಕ್ಕುತ್ತ ಹೇಳಿದ: “ನಾವು ಹೊಳಿ ದಾಟೂ ದಿನ ಬಂಡೆಗಲ್ಲಿನ ಮ್ಯಾಲೆ ಒಂದು ದೊಡ್ಡ ಉರಿ ಎದ್ದಿತ್ತಲ್ರಿ. ಅದನ್ನ ನೋಡಿ ನಮ್ಮ ಮಂದಿ ಅಲ್ಲೇ ನೀರಾಗ ನಿಂತುಬಿಟ್ರು. ನಾವು ಸೋತಿದ್ದು ಅವತ್ತ. ಕಾಲು ಆಮ್ಯಾಲೆ ಸೋತ್ವು. ಏನಿತ್ರಿ ಯವ್ವಾ ಅದರಾಗ?”

“ರಾಗಿ,” ಎಂದಳು ಕೆಂಡದವಳು.

ದಂಡು ಹೋಯಿತು. ಹೋಯಿತು ಎನ್ನುವುದಕ್ಕಿಂತ ಕರಗಿತು. ಒಬ್ಬೊಬ್ಬರಾಗಿ ಎದ್ದು, ಯಾವ ಕಡೆ ಮುಖವಿತ್ತೋ ಆ ಕಡೆ ನಡೆದುಹೋದರು. ಏಳಲಾಗದವರು ಬೂದಿಯಲ್ಲಿ ಬೂದಿಯಾದರು. ಮಳೆ ಬಂತು. ಊರಿನವರು ಗುಡ್ಡ ಇಳಿದು, ಬಾವಿಯ ಕಲ್ಲು ತೆಗೆದು, ಸೆರೆಮನೆಯ ಸೂರಿನಡಿ ಮಲಗಿ, ಗಂಟಿನಲ್ಲುಳಿದ ರಾಗಿಯನ್ನೇ ಮತ್ತೆ ಬಿತ್ತಿದರು. ಬೂದಿ ತಿಂದ ನೆಲ ಎಂದೂ ಇಲ್ಲದ ಹಾಗೆ ಬೆಳೆಯಿತು. ಗೆದ್ದೆವು ಎಂದು ಹಿರೀಕ ಹೇಳಿದ. ಆ ಮಾತಿಗೂ ಯಾರೂ ಕೂಗು ಹಾಕಲಿಲ್ಲ.

ಕೆಂಡದವಳನ್ನು ಮಾತ್ರ ಊರು ತಲೆಯ ಮೇಲೆ ಹೊತ್ತುಕೊಂಡಿತು. ಎದುರಿಗೆ ಸಿಕ್ಕವರು ದಾರಿ ಬಿಟ್ಟು ಕೈಮುಗಿದರು. ಹೊಸ ಮದುಮಕ್ಕಳನ್ನು ಕರೆತಂದು ಅವಳ ಕಾಲಿಗೆ ಬೀಳಿಸಿದರು. “ಕೆಂಡ ಇನ್ನೂ ಮುಟ್ಟಿರಲಿಲ್ಲ, ಗೊತ್ತಾ? ಗಂಡನ ಮೇಲೆ ಅಷ್ಟು ಪ್ರೀತಿ!” ಎಂದು ಅವಳ ಮುಂದೆಯೇ ಹೇಳಿದರು. ಅವಳು ಹೂಂ ಎನ್ನುತ್ತಿದ್ದಳು. ಒಳಗೆ ಅವಳು ಕೇಳಿಕೊಳ್ಳುತ್ತಿದ್ದುದು ಒಂದೇ: ಒಂದು ಗಳಿಗೆ, ಒಂದೇ ಒಂದು ಗಳಿಗೆ ನಾನು ಪ್ರೀತಿಯಿಲ್ಲದವಳಾಗಿದ್ದರೆ ಏನಾಗುತ್ತಿತ್ತು? ಅವನು ರಾಗಿ ಕೊಡವಿಕೊಂಡು ಎದ್ದು ಬರುತ್ತಿದ್ದ. ಮುಖ ಸಪ್ಪಗೆ ಮಾಡಿಕೊಂಡಿರುತ್ತಿದ್ದ. ಮಾಡಿಕೊಂಡಿರಲಿ. ಅವಳು ಆ ದಿನದಿಂದ ಅತ್ತಿರಲಿಲ್ಲ. ಕಣ್ಣೀರು ಬರುವ ಜಾಗದಲ್ಲಿ ಏನೋ ಕಪ್ಪಗೆ ಗಟ್ಟಿಯಾಗಿ ಕೂತಿತ್ತು.

ಸುಗ್ಗಿ ಮುಗಿದ ಮೇಲೆ ಅದೇ ಬಂಡೆಯ ಮೇಲೆ ಹೊಸ ಕಣಜ ಎದ್ದಿತು. ಹಿಂದಿನದಕ್ಕಿಂತ ದೊಡ್ಡದು. ಈ ಸಲ ತಪ್ಪಾಗಬಾರದೆಂದು ಹಿರೀಕ ಒಂದು ಕಟ್ಟಳೆ ಮಾಡಿದ: ದಿನಕ್ಕೊಮ್ಮೆ ಪ್ರತಿ ಮನೆಯಿಂದ ಒಬ್ಬರು ಬಂದು ಕಣಜವನ್ನು ಸವರಿ ಪ್ರೀತಿಸಿ ಹೋಗತಕ್ಕದ್ದು. ಜನ ಸಾಲುಗಟ್ಟಿ ಬಂದು, ಸವರಿ, ಆಕಳಿಸಿ ಹೋಗುತ್ತಿದ್ದರು. ಕಣಜ ಕಾಯಲು ಎಳೆಯ ವಯಸ್ಸಿನವನೊಬ್ಬನನ್ನು ನೇಮಿಸಿದರು. ಅವನಿಗೆ ಆ ವರ್ಷವಷ್ಟೇ ಮದುವೆಯಾಗಿತ್ತು.

ಒಂದು ಸಂಜೆ ಕೆಂಡದವಳು ಅವರ ಮನೆಯ ಮುಂದೆ ಹೋಗುತ್ತಿದ್ದಾಗ ಆ ಹೊಸ ಕಣಜದವನ ಹೆಂಡತಿ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ. ಕೆಂಡದವಳು ಅವಳ ಬಳಿ ಕೂತು, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿ, ಅವಳ ಕೈ ಹಿಡಿದುಕೊಂಡಳು.

“ಒಂದು ಮಾತು ಹೇಳ್ತೀನಿ, ಕೇಳ್ತೀಯಾ ಮಗಳೇ? ಅವನನ್ನ ಪ್ರೀತಿಸಬೇಡ. ಇವತ್ತೇ ಜಗಳ ತೆಗಿ. ಅವನು ಮಾಡಿದ ಒಂದು ಕೆಟ್ಟ ಕೆಲಸ ಹುಡುಕಿ ಗಟ್ಟಿಯಾಗಿ ಇಟ್ಕೋ. ಏನೂ ಬೆರೆಸದ, ಪೂರ್ತಿ ಕೆಟ್ಟದ್ದು. ಇಟ್ಕೊಂಡಿರು, ಬೇಕಾಗುತ್ತೆ.”

ಹುಡುಗಿ ಬೆಚ್ಚಿ ನೋಡಿ, ಆಮೇಲೆ ನಾಚಿಕೊಂಡು ನಕ್ಕಳು.

“ಅಯ್ಯೋ ದೊಡ್ಡಮ್ಮ, ನೀವೊಬ್ಬರು! ಅವರ ಮುಖ ಕಂಡರೇ ನನಗೆ ಮೈಯೆಲ್ಲ ಉರಿಯುತ್ತೆ. ಎಷ್ಟೊತ್ತಾಯ್ತು ನೋಡಿ, ಇನ್ನೂ ಬಂದಿಲ್ಲ. ಬಂದರೆ ಬರಲಿ, ಬಿಟ್ಟರೆ ಬಿಡಲಿ, ನನಗೇನು?”

ಹೇಳುತ್ತ ಹೇಳುತ್ತಲೇ ಅವಳು ತಟ್ಟೆಯ ಮೇಲೆ ಅಂಗೈಯಿಟ್ಟು ಬಿಸಿ ಇದೆಯೇ ನೋಡಿದಳು. ದಾರಿಯ ತಿರುವಿನಲ್ಲಿ ಯಾರದೋ ನೆರಳು ಕಂಡಿತು. ಹುಡುಗಿ ಎದ್ದು ನಿಂತಿದ್ದು ಅವಳಿಗೇ ಗೊತ್ತಾಗಲಿಲ್ಲ.

ಕೆಂಡದವಳು ಆ ಹುಡುಗಿಯ ಮುಖವನ್ನೇ ನೋಡಿದಳು. ಆಮೇಲೆ ಅವಳ ಹೊಸ್ತಿಲ ಮೇಲೆಯೇ ಕುಸಿದು, ಮಂಡಿಯ ನಡುವೆ ತಲೆಯಿಟ್ಟುಕೊಂಡು, ಬಿಕ್ಕಿ ಬಿಕ್ಕಿ ಅಳತೊಡಗಿದಳು.